ಸಿಕ್ಕಿಬಿದ್ದ ಸಾಲು

ಪತ್ರ: ಸಂಪಾದಕರೇ, ನನ್ನ ಕೈಕೆಳಗೆ ಹದಿನಾಲ್ಕು ಜನ ಇದ್ದಾರೆ. ಸಂಬಳಕ್ಕೇನೂ ಕೊರತೆ ಇಲ್ಲ. ಶುಕ್ರವಾರ ಸಂಜೆ ಆಟ ಆಡಿಸುತ್ತೇನೆ, ತಿಂಗಳಿಗೊಬ್ಬರಿಗೆ ‘ಅತ್ಯುತ್ತಮ ಉದ್ಯೋಗಿ’ ಫಲಕ ಕೊಡುತ್ತೇನೆ, ಯಾರ ಹುಟ್ಟುಹಬ್ಬವನ್ನೂ ಮರೆಯುವುದಿಲ್ಲ. ಆದರೂ ಒಬ್ಬರ ಮುಖದಲ್ಲೂ ಕಳೆ ಇಲ್ಲ. ಈ ವರ್ಷ ಮೂವರು ಬಿಟ್ಟು ಹೋದರು. ಕೆಲಸ ಮಾತ್ರ ಕೆಟ್ಟಿಲ್ಲ, ಯಾಕೆಂದರೆ ಹೊರಗೆ ಹೋಗುವ ಒಂದೊಂದು ಮೇಲ್ ಕೂಡ ನಾನು ನೋಡಿದ ಮೇಲೇ ಹೋಗುತ್ತದೆ. ಇನ್ನೇನು ಮಾಡಲಿ? (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಅಯ್ಯೋ ಪಾಪ ಅನಿಸಿತು. ಎರಡನೇ ಸಲ ಆ ಮೇಲ್‌ನ ಸಾಲಿಗೆ ಬಂದೆ. ಅಲ್ಲೇ ಸಿಕ್ಕಿಬಿದ್ದಿರಿ ನೋಡಿ! ಅದನ್ನು ನೀವು ಹೆಮ್ಮೆಯಿಂದ ಬರೆದಿದ್ದೀರಿ, ಅಲ್ವಾ? ನಿಮ್ಮ ಪ್ರಶ್ನೆಗೆ ಉತ್ತರ ಇರುವುದೂ ಅದರಲ್ಲೇ.

ಬೇಜಾರು ಮಾಡಿಕೊಳ್ಳಬೇಡಿ, ನನ್ನದೇ ಕಥೆ ಹೇಳುತ್ತೇನೆ. ನಾನು ಮೊದಲು ಕೆಲಸಕ್ಕೆ ಸೇರಿದ್ದು ಕರಡು ತಿದ್ದುವವನಾಗಿ. ನಾನು ಕೆಂಪು ಶಾಯಿಯಲ್ಲಿ ತಿದ್ದಿದ್ದನ್ನು ನಮ್ಮ ಮೇಲಿನವರು ಹಸಿರು ಶಾಯಿಯಲ್ಲಿ ಮತ್ತೆ ತಿದ್ದುತ್ತಿದ್ದರು. ಒಂದು ಸಲ ನಾನು ತೆಗೆದ ಅಲ್ಪವಿರಾಮವನ್ನು ವಾಪಸ್ ಹಾಕಿದರು, ಮರುದಿನ ಅದೇ ಪುಟ ಬಂದಾಗ ತಾವೇ ತೆಗೆದರು. ಆರು ತಿಂಗಳಲ್ಲಿ ನಾನು ಕಲಿತ ವಿದ್ಯೆ ಒಂದೇ. ಹೇಗಿದ್ದರೂ ಅವರು ನೋಡ್ತಾರಲ್ಲ ಅಂತ ತಪ್ಪು ಕಂಡರೂ ಮುಂದಕ್ಕೆ ತಳ್ಳುವುದು.

ಒಂದು ವಾರ ಅವರು ರಜೆ ಹಾಕಿದರು. ಆಗ ಅಚ್ಚಿನ ಮನೆಯ ಫೋರ್‌ಮನ್ ರಾತ್ರಿ ನನ್ನನ್ನು ಕರೆಸಿದರು. 16 ಪುಟಗಳ ಅಚ್ಚು ಯಂತ್ರಕ್ಕೆ ಏರಿತ್ತು. ಮೊದಲ ಹಾಳೆ ಎಳೆದು ಕೈಗೆ ಕೊಟ್ಟು, “ನೀವು ಸರಿ ಅಂದ್ರೆ ಓಡಿಸ್ತೀನಿ” ಅಂದರು. ಶಾಯಿ ಇನ್ನೂ ಹಸಿ, ಹೆಬ್ಬೆರಳಿಗೆ ಅಂಟುತ್ತಿತ್ತು. ನನಗೆ ಬೆವರು. ಮೂರನೇ ಪುಟದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. “ನಿಲ್ಲಿಸಿ” ಅಂದೆ. ಅವರು ನಿಲ್ಲಿಸಿಯೇ ಬಿಟ್ಟರು! ಆ ಒತ್ತು ಯಾವುದು ಅಂತ ಇವತ್ತಿಗೂ ನೆನಪಿದೆ. ಅದಕ್ಕೂ ಮೊದಲು ಆರು ತಿಂಗಳು ತಿದ್ದಿದ್ದರಲ್ಲಿ ಒಂದಕ್ಷರವೂ ನೆನಪಿಲ್ಲ.

ಟೊಯೋಟಾ ಕಾರ್ಖಾನೆಯ ಅಂಡಾನ್ ಹಗ್ಗದ ಬಗ್ಗೆ ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಜೋಡಣೆಯ ಸಾಲಿನಲ್ಲಿ ನಿಂತ ಯಾವ ಕೆಲಸಗಾರನಾದರೂ ದೋಷ ಕಂಡರೆ ಆ ಹಗ್ಗ ಎಳೆಯಬಹುದು. ತಂಡದ ಮುಖಂಡ ಓಡಿ ಬರುತ್ತಾನೆ. ಅಲ್ಲೇ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಓದುವಾಗ ನನಗೆ ಕಂಡಿದ್ದು ಆ ಫೋರ್‌ಮನ್ ಮುಖ.

ಸಂಬಳದ ಮಾತಿಗೆ ಬರೋಣ. ಸಂಬಳ ಸರಿಯಿಲ್ಲದೆ ಉಳಿದದ್ದೆಲ್ಲ ಮಾಡಿದರೆ ಅದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿಸಿದ ಹಾಗೆ. ನೀವು ಸರಿಯಾಗಿ ಕೊಡುತ್ತಿದ್ದೀರಿ, ಒಳ್ಳೆಯದು. ಶುಕ್ರವಾರದ ಆಟದಿಂದಲೂ ಯಾರಿಗೂ ಕೆಡುಕಿಲ್ಲ. ಆದರೆ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ 1959ರಲ್ಲೇ ಒಂದು ಮಾತು ಹೇಳಿದ್ದ. ಎಂಜಿನಿಯರುಗಳು ಮತ್ತು ಲೆಕ್ಕಪತ್ರದವರನ್ನು ಕೂರಿಸಿಕೊಂಡು, ಕೆಲಸದಲ್ಲಿ ಯಾವಾಗ ಖುಷಿಯಾಯ್ತು, ಯಾವಾಗ ಬೇಸರವಾಯ್ತು ಅಂತ ಕೇಳಿದ್ದ. ಬೇಸರದ ಕಥೆಗಳಲ್ಲಿ ಜಾಸ್ತಿ ಬಂದದ್ದು ಕಂಪನಿಯ ನಿಯಮ, ಮೇಲ್ವಿಚಾರಣೆ ಇಂಥವು. ಖುಷಿಯ ಕಥೆಗಳಲ್ಲಿ ಬಂದದ್ದು ಏನೋ ಸಾಧಿಸಿದ್ದು, ಹೊಣೆ ಸಿಕ್ಕಿದ್ದು, ಕೆಲಸವೇ ಚೆನ್ನಾಗಿದ್ದದ್ದು. (ಜನ ಒಳ್ಳೆಯದಕ್ಕೆ ತಮ್ಮನ್ನು, ಕೆಟ್ಟದ್ದಕ್ಕೆ ಬೇರೆಯವರನ್ನು ಕಾರಣ ಮಾಡುತ್ತಾರೆ, ಹಾಗಾಗಿ ಈ ಲೆಕ್ಕ ಪೂರ್ತಿ ಸರಿಯಲ್ಲ ಎಂದು ಆಕ್ಷೇಪ ಎತ್ತಿದವರಿದ್ದಾರೆ. ಇರಲಿ. ನನ್ನ ಹಸಿರು ಶಾಯಿಯ ಕಥೆಗಂತೂ ಸರಿಹೊಂದುತ್ತದೆ.)

ಫಲಕದ ವಿಷಯ ಕೇಳಿ. ತೆರೇಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ ಎಂಬ ಸಂಶೋಧಕರು 7 ಕಂಪನಿಗಳ 238 ಜನರಿಂದ ದಿನಚರಿ ಬರೆಸಿದರು. ಹತ್ತಿರ ಹತ್ತಿರ 12,000 ಬರಹ ಸಿಕ್ಕವು. ಜನರ ಮನಸ್ಸು ಚೆನ್ನಾಗಿದ್ದ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಇಷ್ಟೇ: ತಮಗೆ ಮುಖ್ಯ ಅನಿಸಿದ ಕೆಲಸ ಅವತ್ತು ಒಂದು ಹೆಜ್ಜೆ ಮುಂದೆ ಹೋಗಿತ್ತು. ಆಮೇಲೆ 600ಕ್ಕೂ ಹೆಚ್ಚು ಮ್ಯಾನೇಜರುಗಳನ್ನು, ಜನರಿಗೆ ಹುರುಪು ಕೊಡುವುದು ಯಾವುದು ಅಂತ ಕೇಳಿದರು. ಮೇಲೆ ನಿಂತದ್ದು ಬೆನ್ನು ತಟ್ಟುವುದು. ಕೆಲಸ ಮುಂದೆ ಹೋಗಲು ನೆರವಾಗುವುದು ಕೊನೆಯಲ್ಲಿ ಬಂತು. ಅಂದರೆ ನೀವೊಬ್ಬರೇ ಅಲ್ಲ, ಸಮಾಧಾನ ಮಾಡಿಕೊಳ್ಳಿ.

ಹಾಗಾದರೆ ಆ ಹದಿನಾಲ್ಕು ಜನರ ಕೆಲಸ ದಿನವೂ ಎಲ್ಲಿ ಹೋಗಿ ನಿಲ್ಲುತ್ತಿದೆ? ನಿಮ್ಮ ಮೇಜಿನ ಮೇಲೆ. ಅವರು ಮಾಡಿದ್ದು ಕೊನೆಗೆ ಯಾರಿಗೆ ತಲುಪಿತು, ಅವರಿಗೆ ಉಪಯೋಗ ಆಯ್ತಾ, ಬೈದರಾ, ಅದೆಲ್ಲ ಗೊತ್ತಾಗುವುದು ನಿಮಗೆ ಮಾತ್ರ. ಆಡಂ ಗ್ರಾಂಟ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಫೋನಿನಲ್ಲಿ ದೇಣಿಗೆ ಕೇಳುವವರಿಗೆ, ಆ ಹಣದಲ್ಲಿ ಓದುತ್ತಿದ್ದ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿ ಮಾಡಿಸಿದರು. ಒಂದು ತಿಂಗಳ ಮೇಲೆ ನೋಡಿದರೆ ಅವರು ಫೋನಿನಲ್ಲಿ ಕಳೆಯುವ ಹೊತ್ತು ಶೇ. 142, ತಂದ ಹಣ ಶೇ. 171 ಹೆಚ್ಚಿತ್ತು. ವಿದ್ಯಾರ್ಥಿಯ ಪತ್ರ ಮಾತ್ರ ಓದಿದವರಲ್ಲಿ ಅಂಥ ಬದಲಾವಣೆ ಇರಲಿಲ್ಲ. ಎದುರಿಗೆ ಒಂದು ಮುಖ ಬೇಕಾಯ್ತು. ನಿಮ್ಮವರಿಗೆ ಕಾಣುವ ಒಂದೇ ಮುಖ ನಿಮ್ಮದು, ತಪ್ಪು ತಿಳಿಯಬೇಡಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಸಿಟ್ಟೂ ಹೊರಗೆ ಬರಲಿ. ಈಗಿನ ಕಚೇರಿಗಳಲ್ಲಿ ಕೆಲಸ ಮಾಡುವವರಿಗಿಂತ ಕೆಲಸ ಎಲ್ಲಿಗೆ ಬಂತು ಅಂತ ಕೇಳುವವರೇ ಜಾಸ್ತಿ. ಬೆಳಿಗ್ಗೆ ಮೀಟಿಂಗ್, ಆ ಮೀಟಿಂಗಿನ ವರದಿ, ವರದಿ ಬಂತಾ ಅಂತ ಇನ್ನೊಂದು ಮೀಟಿಂಗ್. ಆಮೇಲೆ ‘ನೀವು ಸಂತೋಷವಾಗಿದ್ದೀರಾ’ ಅಂತ ಇಪ್ಪತ್ತು ಪ್ರಶ್ನೆಯ ಫಾರಂ, ಅದನ್ನು ತುಂಬದವರಿಗೆ ಮೂರು ಸಲ ನೆನಪಿನ ಓಲೆ. ‘ನಾವೆಲ್ಲ ಒಂದೇ ಕುಟುಂಬ’ ಅನ್ನುವ ಭಾಷಣ ಬೇರೆ. ಮನೆಯಲ್ಲಿ ಯಾರಾದರೂ ಬಾಗಿಲು ತೆಗೆಯಲು ಮೂವರ ಸಹಿ ಕೇಳುತ್ತಾರಾ? ಜನರ ಉತ್ಸಾಹ ಒಂದೊಂದು ಸಹಿಗೆ ಒಂದಿಷ್ಟು ಸೋರಿ ಹೋದ ಮೇಲೆ, ಅದನ್ನು ಮತ್ತೆ ತುಂಬಲು ಹೊರಗಿನಿಂದ ಒಬ್ಬ ಭಾಷಣಕಾರನನ್ನು ದುಡ್ಡು ಕೊಟ್ಟು ಕರೆಸುತ್ತಾರೆ!

ನೀವು ಅಂಥವರಲ್ಲ. ಅಂಥವರು ಪತ್ರಿಕೆಗೆ ಪತ್ರ ಬರೆಯುವುದಿಲ್ಲ. ಸೋಮವಾರ ಒಂದು ಕೆಲಸ ಮಾಡಿ. ಹದಿನಾಲ್ಕರಲ್ಲಿ ಒಬ್ಬರನ್ನು ಕರೆದು, ಒಂದು ಕೆಲಸವನ್ನು ಬುಡದಿಂದ ತುದಿವರೆಗೆ ಕೊಡಿ. ಮೇಲ್ ಅವರ ಹೆಸರಿನಲ್ಲೇ ಹೋಗಲಿ, ನಿಮಗೆ ನಕಲೂ ಬೇಡ. ಉತ್ತರವೂ ಅವರಿಗೇ ಬರಲಿ. ಎಡವಟ್ಟಾದರೆ ಮೇಲಿನವರ ಹತ್ತಿರ ಬೈಸಿಕೊಳ್ಳಲು ನೀವು ಹೋಗಿ, ಅದಕ್ಕೇ ನಿಮಗೆ ಜಾಸ್ತಿ ಸಂಬಳ. ಮೊದಲ ವಾರ ನಿಮಗೆ ಕೈ ಕಟ್ಟಿ ಹಾಕಿದ ಹಾಗಾಗುತ್ತದೆ.

ನನಗೆ ಗೊತ್ತು. ಈ ಉತ್ತರದಲ್ಲಿ ನಮ್ಮ ಉಪಸಂಪಾದಕಿ ಎರಡು ಪ್ಯಾರಾ ಕತ್ತರಿಸಿದ್ದಾರೆ. ಎರಡೂ ನನಗೆ ಬಹಳ ಇಷ್ಟವಾದವು. ಅವರ ಮೇಜಿನವರೆಗೂ ಹೋದೆ, ಕತ್ತರಿ ವಾಪಸ್ ಇಡಿ ಅನ್ನೋಣ ಅಂತ. ಅದನ್ನು ಹೇಳದೆ, ಪೆನ್ನು ಕೇಳಿ ತೆಗೆದುಕೊಂಡು ಬಂದೆ.