ಗದಗಿನಿಂದ ಧ್ರುವಪ್ರಭೆ ನೋಡಲು ಹೊರಟವರಿಗೆ

ನಮಸ್ಕಾರ್ರೀ. ಅಪ್ಪ-ಅವ್ವನ ಕರಕೊಂಡು ಡಿಸೆಂಬರಿನಲ್ಲಿ ನಾರ್ವೆಯ ಟ್ರೋಮ್ಸೊಗೆ ಹೋದರೆ ಧ್ರುವಪ್ರಭೆ (ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ಅರೋರಾ) ಕಾಣಲು ಮೂರು ರಾತ್ರಿ ಸಾಕೇ ಅಂತ ಕೇಳಿದ್ದೀರಿ. ಸಾಲುವುದಿಲ್ಲ, ಐದಾದರೂ ಇಟ್ಟುಕೊಳ್ರಿ. ಧ್ರುವದ ಸುತ್ತ ಈ ಬೆಳಕು ಹೆಚ್ಚಾಗಿ ಮೂಡುವ ಬಳೆಯಂಥ ವಲಯದ ಅಡಿಯಲ್ಲೇ ಊರು ಇರುವುದರಿಂದ ಕೆಪಿ ಸೂಚ್ಯಂಕ (ಭೂಮಿಯ ಕಾಂತಕ್ಷೇತ್ರದ ಕಲಕಾಟವನ್ನು 0ರಿಂದ 9ರವರೆಗೆ ಅಳೆಯುವ ಅಂಕಿ) ಬರೀ 2 ಇದ್ದರೂ ಬೆಳಕು ಕಾಣುತ್ತದೆ, ಕೈಕೊಡುವುದು ಮೋಡ. ಕೆಪಿ ಅಂಕಿಗಿಂತ ಮೋಡದ ಮುನ್ಸೂಚನೆ ನೋಡ್ರಿ. ಕರಾವಳಿ ಮುಚ್ಚಿಕೊಂಡಿದ್ದಾಗಲೂ ಫಿನ್ಲೆಂಡ್ ಗಡಿಯ ಕಡೆ ಆಕಾಶ ತೆರೆದಿರುವುದುಂಟು. ಗಡಿ ದಾಟುವ ಗೈಡ್ ವ್ಯಾನನ್ನೇ ಹಿಡಿಯಿರಿ, ಪಾಸ್‌ಪೋರ್ಟ್ ಜೇಬಿನಲ್ಲಿರಲಿ.

ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಅಲ್ಲಿ ಸೂರ್ಯನೇ ಹುಟ್ಟುವುದಿಲ್ಲ. ಹಿರಿಯರಿಗೆ ಮಾರ್ಚ್ ಒಳ್ಳೆಯದು: ಹಗಲೂ ಇದೆ, ಕತ್ತಲೂ ಇದೆ.

ಫೋಟೊಕ್ಕೆ ಟ್ರೈಪಾಡ್ ಬೇಕೇ ಬೇಕು. ಕ್ಯಾಮೆರಾದಲ್ಲಿ ಐಎಸ್‌ಒ (ಬೆಳಕಿನ ಸಂವೇದನೆ) 1600, ಎಫ್ (ಲೆನ್ಸಿನ ಕಿಂಡಿಯ ಅಳತೆ) 2.8, ಶಟರ್ ಎಂಟು ಸೆಕೆಂಡಿನಿಂದ ಶುರು ಮಾಡ್ರಿ. ಫೋಕಸ್ಸನ್ನು ಕೈಯಿಂದಲೇ ಒಂದು ನಕ್ಷತ್ರಕ್ಕೆ ಹೊಂದಿಸಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಡ್ರಿ. ಕೋಣೆಗೆ ಬರುವ ಮೊದಲೇ ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಮುಚ್ಚಿ, ಇಲ್ಲದಿದ್ದರೆ ಲೆನ್ಸಿನ ಮೇಲೆ ನೀರು ಕೂರುತ್ತದೆ.

ನಾರ್ವೆಗೆ ಬೇಕಾದ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) 30,000 ಯೂರೋ ರಕ್ಷಣೆಯ ವಿಮೆ ಕಡ್ಡಾಯ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ; ಹಾಲಿನ ಪದಾರ್ಥಕ್ಕೆ ನಿರ್ಬಂಧ ಇರುವುದರಿಂದ ಪೇಡೆ, ತುಪ್ಪ ಮನೆಯಲ್ಲೇ ಇರಲಿ.