ಹಳೇ ಬಾದಲ್ ಮೂರು ಚಕ್ರದ ಕಾರು ಸಿಕ್ಕಿದೆ. ಆಟೋ ಇಂಜಿನ್ ಹಾಕಿ ದಿನಾ ಆಫೀಸಿಗೆ ಓಡಿಸಬಹುದಾ?

ಮಾವನ ಮನೆಯ ಕೊಟ್ಟಿಗೆಯಲ್ಲಿ ಬಾದಲ್ ಇದೆ, ಇಂಜಿನ್ ಜಾಮ್ ಆಗಿದೆ, ಪುಟ್ಟ ಕಾರು, ಬೆಂಗಳೂರಿನ ಟ್ರಾಫಿಕ್‌ಗೆ ಹೇಳಿ ಮಾಡಿಸಿದಂತಿದೆ ಎಂದು ಬರೆದಿದ್ದೀರಿ. ಓದಿದ ತಕ್ಷಣ ಉತ್ತರ ಬರೆಯಲು ಕೂತೆ. 2011ರಲ್ಲಿ ನನ್ನದೂ ಇದೇ ಕಥೆ.

ನನಗೆ ಸಿಕ್ಕಿದ್ದು ತಿಪಟೂರಿನ ಹತ್ತಿರದ ಒಂದು ತೋಟದ ಮನೆಯಲ್ಲಿ. ಅಪ್ಪನ ಗೆಳೆಯರದು. ತೆಂಗಿನ ಸಿಪ್ಪೆಯ ರಾಶಿಯ ಹಿಂದೆ ನಿಂತಿತ್ತು. ಮೇಲೆ ಕೋಳಿ ಮಲಗುತ್ತಿದ್ದವು. ಅಪ್ಪ ಅಮ್ಮ ಮದುವೆ ಮುಗಿಸಿಕೊಂಡು ಊರಿಗೆ ಬಂದಿದ್ದು ಅದೇ ಕಾರಿನಲ್ಲಿ. ಅಮ್ಮ ಹಿಂದಿನ ಸೀಟಿನಲ್ಲಿ ಹಿತ್ತಾಳೆ ಕೊಳಗ ತೊಡೆ ಮೇಲಿಟ್ಟುಕೊಂಡು ಕೂತಿದ್ದರಂತೆ. ಅಪ್ಪನ ಗೆಳೆಯರು ದುಡ್ಡು ಬೇಡ ಎಂದರೂ ಬಿಡದೆ ಹದಿನೆಂಟು ಸಾವಿರ ಕೊಟ್ಟು, ಟೆಂಪೋದಲ್ಲಿ ಹಾಕಿಸಿಕೊಂಡು ಬಂದೆ.

ಇದನ್ನು ಓದುವ ಬೇರೆಯವರಿಗೆ ಎರಡು ಮಾತು. ಬಾದಲ್ ನಮ್ಮ ಬೆಂಗಳೂರಿನದೇ ಕಾರು. 1970ರ ದಶಕದ ಮಧ್ಯದಲ್ಲಿ ಸನ್‌ರೈಸ್ ಕಂಪನಿ ಮಾಡಿದ್ದು. ಅದೇ ಮುಂದೆ ಸಿಪಾನಿ ಆಟೋಮೊಬೈಲ್ಸ್ ಆಯಿತು. ಮುಂದೆ ಒಂದು ಚಕ್ರ, ಹಿಂದೆ ಎರಡು. ಹಿಂಭಾಗದಲ್ಲಿ 198 ಸಿಸಿಯ ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಇಂಜಿನ್. ಬಾಡಿ ಫೈಬರ್. ಆ ಕಾಲದಲ್ಲಿ ಅಂಬಾಸಿಡರ್‌ಗೋ ಫಿಯಟ್‌ಗೋ ಬುಕ್ ಮಾಡಿದರೆ ವರ್ಷಗಟ್ಟಲೆ ಕಾಯಬೇಕಿತ್ತು. 1973ರ ತೈಲ ಬಿಕ್ಕಟ್ಟಿನ ಮೇಲೆ ಪೆಟ್ರೋಲ್ ಕೂಡ ದುಬಾರಿ. ಅಂಥ ಹೊತ್ತಿನಲ್ಲಿ ಸ್ಕೂಟರಿಗೂ ಕಾರಿಗೂ ನಡುವೆ ಒಂದು ಗಾಡಿ ಎಂದು ಇದು ಬಂತು. ಆಮೇಲೆ ನಾಲ್ಕು ಚಕ್ರದ ಬಾದಲ್ 4 ಬಂತು, ಅದಾದ ಮೇಲೆ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿದ ಡಾಲ್ಫಿನ್. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಜನ ಈ ಕಡೆ ತಿರುಗಿ ನೋಡುವುದು ಕಡಿಮೆಯಾಯಿತು.

ಈಗ ನಾನು ಮಾಡಿದ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಇಂಜಿನ್ ಬಗ್ಗೆಯೇ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ.

ಅದಕ್ಕೆ ಮುಂಚೆ ನಾನು ಚಿಕ್ಕಪ್ಪನ ಫಿಯಟ್ ರೆಡಿ ಮಾಡಿಸಿದ್ದೆ. ಅದು ತಗಡಿನ ಬಾಡಿ. ಹಳೇ ಬಣ್ಣ ತೆಗೆಯಲು ಪೇಂಟ್ ರಿಮೂವರ್ ಹಚ್ಚಿದ್ದೆವು. ಬಣ್ಣ ಸುಕ್ಕುಗಟ್ಟಿ ಹಾಲಿನ ಕೆನೆಯ ಹಾಗೆ ಎದ್ದು ಬಂದಿತ್ತು. ಅರ್ಧ ದಿನದ ಕೆಲಸ. ಬಾದಲ್‌ಗೂ ಅದನ್ನೇ ಮಾಡಿ ಎಂದು ಪೇಂಟರ್‌ಗೆ ನಾನೇ ಹೇಳಿದೆ. ಅವರು ವಯಸ್ಸಾದವರು. "ಇದು ಫೈಬರ್ ಅಲ್ವಾ ಸಾರ್, ಕೈಯಲ್ಲೇ ಉಜ್ಜೋಣ, ಹದಿನೈದು ದಿನ ಆಗುತ್ತೆ" ಎಂದರು. ತಂಗಿಯ ಮದುವೆ ಒಂದು ತಿಂಗಳಿತ್ತು. ಅಪ್ಪ ಅಮ್ಮನನ್ನು ಅದರಲ್ಲೇ ಛತ್ರಕ್ಕೆ ಕರೆದುಕೊಂಡು ಹೋಗಬೇಕೆಂಬ ಆಸೆ. ನನಗೆ ಅವಸರ. ಡಬ್ಬಿ ನಾನೇ ತಂದುಕೊಟ್ಟೆ.

ಫೈಬರ್ ಬಾಡಿ ಎಂದರೆ ಏನು ನೋಡಿ. ಗಾಜಿನ ಎಳೆಗಳ ಚಾಪೆ, ಅದನ್ನು ಹಿಡಿದಿಡುವ ರೆಸಿನ್ ಎಂಬ ಅಂಟು, ಹೊರಗಡೆ ಜೆಲ್ ಕೋಟ್ ಎನ್ನುವ ತೆಳು ಪದರ. ಪೇಂಟ್ ರಿಮೂವರ್‌ಗೆ ಬಣ್ಣ ಯಾವುದು, ರೆಸಿನ್ ಯಾವುದು ಎಂಬ ಭೇದ ಇಲ್ಲ. ತಗಡಿನ ಮೇಲಾದರೆ ಬಣ್ಣ ಮುಗಿದ ಕಡೆ ಅದರ ಕೆಲಸವೂ ಮುಗಿಯುತ್ತದೆ. ಫೈಬರ್ ಮೇಲಾದರೆ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಎಡಗಡೆ ಪೂರ್ತಿ ಹಚ್ಚಿ ಊಟಕ್ಕೆ ಹೋದೆವು. ಬಂದು ನೋಡಿದರೆ ಮೇಲಿನ ಕೆಂಪು ಬಣ್ಣ ಹೋಗಿ, ಅದರಡಿ ಕಂಪನಿಯ ತಿಳಿನೀಲಿ ಕಾಣುತ್ತಿತ್ತು. ನನಗೆ ಖುಷಿಯೋ ಖುಷಿ. ಬೆರಳಿಟ್ಟೆ. ಬೆರಳು ಒಳಗೆ ಇಳಿಯಿತು. ನೆನೆದ ರಟ್ಟಿನ ಹಾಗೆ ಮೆತ್ತಗಾಗಿತ್ತು.

ಅಲ್ಲಿಗೇ ನಿಲ್ಲಿಸಿದ್ದರೂ ಸ್ವಲ್ಪ ಉಳಿಯುತ್ತಿತ್ತು. ನೀರಿನಲ್ಲಿ ತೊಳೆದು, ಎರಡು ದಿನ ಒಣಗಿಸಿ, ಪುಟ್ಟಿ ಹಾಕಿ ಬಣ್ಣ ಹೊಡೆಸಿದೆ. ಮದುವೆಗೆ ಕಾರು ಬಂತು, ಅಪ್ಪ ಅಮ್ಮ ಕೂತರು, ಫೋಟೋ ಇದೆ. ಎರಡೇ ತಿಂಗಳಿಗೆ ಬಣ್ಣದಡಿ ಗುಳ್ಳೆ ಎದ್ದವು. ಎಳೆಗಳ ನಡುವೆ ಉಳಿದಿದ್ದ ಕೆಮಿಕಲ್ಲು, ನೀರು ಎರಡೂ ಹೊರಗೆ ಬರುತ್ತಿದ್ದವು. ಕೊನೆಗೆ ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಎಡಭಾಗ ಕತ್ತರಿಸಿ ತೆಗೆಯಬೇಕಾಯಿತು. ಹೊಸದು ಮಾಡಲು ಅಚ್ಚು ಎಲ್ಲಿದೆ? ಅಂಗಡಿಯಲ್ಲಿ ಸಿಗುವ ಸಾಮಾನಲ್ಲ ಅದು. ಹಳೇ ಫೋಟೋ ನೋಡಿಕೊಂಡು ಅಂದಾಜಿನಲ್ಲಿ ಕಟ್ಟಿದೆವು. ಗೊತ್ತಿಲ್ಲದವರಿಗೆ ಕಾಣುವುದಿಲ್ಲ. ನನಗೆ ದಿನಾ ಕಾಣುತ್ತದೆ. ಚಕ್ರದ ಮೇಲಿನ ಬಾಗು ಬಲಗಡೆಯಂತಿಲ್ಲ.

ಹಾಗಾಗಿ ಮೊದಲು ಬಾಡಿ ನೋಡಿ. ಒಂದು ನಾಣ್ಯ ಹಿಡಿದು ಮೆಲ್ಲಗೆ ತಟ್ಟುತ್ತಾ ಹೋಗಿ. ಟಕ್ ಟಕ್ ಎಂದರೆ ಗಟ್ಟಿ ಇದೆ. ಮಂದ ಸದ್ದು ಬಂದ ಕಡೆ ಪದರ ಬಿಟ್ಟಿದೆ, ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬಣ್ಣ ತೆಗೆಯಲು ಕೈ, ಮರದ ತುಂಡು, ಎಮರಿ ಪೇಪರ್ ಸಾಕು. ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಎದೆಗೆ ಒಳ್ಳೆಯದಲ್ಲ. ಬಿರುಕಿಗೆ ಒಳಗಡೆಯಿಂದ ಗಾಜಿನ ಎಳೆಯ ಚಾಪೆ, ರೆಸಿನ್ ಹಾಕಿಸಿ. ಬರೀ ಪುಟ್ಟಿ ತುಂಬಬೇಡಿ. ಅಡಿಯ ಕಬ್ಬಿಣದ ಫ್ರೇಮಿಗೆ ತುಕ್ಕು ಹಿಡಿದಿದ್ದರೆ ಅದನ್ನು ಬೆಸುಗೆ ಹಾಕಿಸಬಹುದು, ಅದಕ್ಕೆ ಹೆದರಬೇಡಿ.

ಇನ್ನು ಆಟೋ ಇಂಜಿನ್. ಬೇಡ. ನಿಮ್ಮದು ಜಾಮ್ ಆಗಿದೆ ಅಷ್ಟೇ, ಸತ್ತಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಇಂಜಿನ್ ಆಯಿಲ್ ಬೆರೆಸಿ ಸುರಿದು ಬಿಡಿ. ದಿನಾ ಸಂಜೆ ಫ್ಲೈವೀಲನ್ನು, ಅಂದರೆ ಇಂಜಿನ್ ಜೊತೆ ತಿರುಗುವ ಭಾರದ ಚಕ್ರವನ್ನು, ಕೈಯಲ್ಲಿ ಅಲ್ಲಾಡಿಸಿ, ಸುತ್ತಿಗೆ ಬೇಡ. ನನ್ನದು ಒಂಬತ್ತನೇ ದಿನ ಬಿಟ್ಟಿತು. ಒಂದೇ ಸಿಲಿಂಡರ್, ಸವೆದಿದ್ದರೆ ಲೇತ್ ಅಂಗಡಿಯಲ್ಲಿ ಒಳಗೆ ಕೊರೆದು ಬೋರ್ ಮಾಡಿಕೊಡುತ್ತಾರೆ. ಬೇರೆ ಇಂಜಿನ್ ಹಾಕಬೇಕೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಅನುಮತಿ ಬೇಕು. ಆರ್‌ಸಿ ಬುಕ್ ಮಾವನವರ ಬೀರುವಿನಲ್ಲಿ ಇದೆಯಾ ಎಂದು ಇವತ್ತೇ ಹುಡುಕಿಸಿ. 2021ರಲ್ಲಿ ಬಂದ ವಿಂಟೇಜ್ (ಹಳೇ ಕಾಲದ ಗಾಡಿಗಳ) ನೋಂದಣಿ ನಿಯಮ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಎರಡು ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ. ಮೂರು ಚಕ್ರದ್ದಕ್ಕೆ ಅದೇ ಸಿಗುತ್ತದೆ ಎಂದು ನಂಬಿ ಕೂರಬೇಡಿ.

ದಿನಾ ಆಫೀಸಿಗೆ ಓಡಿಸುವ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. ಪುಟ್ಟದು ಎಂದ ಮಾತ್ರಕ್ಕೆ ಈಗಿನ ಸಿಟಿಗೆ ಸರಿ ಎಂದಲ್ಲ. ಮುಂದೆ ಒಂದೇ ಚಕ್ರ ಇರುವ ಗಾಡಿಯಲ್ಲಿ ಬ್ರೇಕ್ ಹಿಡಿಯುತ್ತಾ ತಿರುಗಿಸಿದರೆ ಭಾರ ಮುಂದಿನ ಮೂಲೆಗೆ ಬೀಳುತ್ತದೆ, ಅಲ್ಲಿ ತಡೆಯಲು ಚಕ್ರವೇ ಇಲ್ಲ. ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಬಸ್ಸು ಅಡ್ಡ ಬಂದರೆ ನೀವು ಮಾಡುವುದು ಅದನ್ನೇ. ಫೈಬರ್ ಬಾಡಿ ಪೆಟ್ಟು ತಿಂದರೆ ನೆಗ್ಗುವುದಿಲ್ಲ, ಒಡೆಯುತ್ತದೆ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಪೆಟ್ರೋಲ್ ಜೊತೆಗೇ ಹೋಗುವುದರಿಂದ ಉದ್ದ ಇಳಿಜಾರಿನಲ್ಲಿ ಗೇರ್‌ನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಪಿಸ್ಟನ್‌ಗೆ ಆಯಿಲ್ ಸಾಲದೆ ಮತ್ತೆ ಜಾಮ್ ಆಗಬಹುದು. ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಬೇರೆ. ಹಳೇ ರಬ್ಬರ್ ಪೈಪು, ಕಾರ್ಬುರೇಟರ್ ವಾಷರ್ ಎಲ್ಲ ಬದಲಿಸಿ, ವಾರಗಟ್ಟಲೆ ನಿಲ್ಲಿಸುವಾಗ ಟ್ಯಾಂಕ್ ಖಾಲಿ ಮಾಡಿ.

ಭಾನುವಾರ ಬೆಳಗ್ಗೆ ಆರಕ್ಕೆ ಹೊರಡಿ. ಮಾವನವರನ್ನೂ ಕೂರಿಸಿಕೊಳ್ಳಿ. ಏಳೂವರೆಯೊಳಗೆ ತಿಂಡಿ ತಿಂದು ವಾಪಸ್ ಬನ್ನಿ. ನಾನೂ ಅಪ್ಪನೂ ಹಾಗೇ ಮಾಡುತ್ತೇವೆ.

ನಿಮ್ಮ ಫೋಟೋದಲ್ಲಿ ಎಡಗಡೆ ಬಾಡಿ ಪೂರ್ತಿ ಸರಿ ಇರುವ ಹಾಗೆ ಕಾಣುತ್ತಿದೆ. ನೀವು ಒಪ್ಪಿದರೆ ನಾನೇ ಬಂದು ಚಕ್ರದ ಮೇಲಿನ ಭಾಗದ ಅಚ್ಚು ತೆಗೆದುಕೊಳ್ಳುತ್ತೇನೆ. ಮೊದಲು ವ್ಯಾಕ್ಸ್ ಹಚ್ಚಿ ಮಾಡುವ ಕೆಲಸ, ನಿಮ್ಮ ಬಣ್ಣಕ್ಕೆ ಏನೂ ಆಗದಂತೆ ನೋಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಆ ಭಾಗ ಮುಟ್ಟಬೇಡಿ, ತೊಳೆಯುವುದಿದ್ದರೂ ಬರೀ ನೀರು ಹಾಕಿ.