ಎತ್ತರದಿಂದ ಬಿದ್ದವರಿಗೆ ಹಿಮ್ಮಡಿಯ ಎಕ್ಸ್-ರೇ ಮಾತ್ರ ಸಾಕೇ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬಣ್ಣ ಬಳಿಯುವಾಗ ಸುಮಾರು 6 ಮೀಟರ್ ಎತ್ತರದ ಸಾರುವೆಯಿಂದ ಕಾಲೂರಿ ಬಿದ್ದ ನಿಮ್ಮ ಅಣ್ಣನಿಗೆ ಹಿಮ್ಮಡಿಯ ಎಕ್ಸ್-ರೇ ಮಾತ್ರ ಸಾಕೇ ಎಂದು ಕೇಳಿದ್ದೀರಿ, ಸಾಲದು. ಅಷ್ಟು ಎತ್ತರದಿಂದ ಬೀಳುವ ದೇಹವು ನೆಲ ಮುಟ್ಟುವಾಗ ಗಂಟೆಗೆ ಸುಮಾರು 39 ಕಿಲೋಮೀಟರ್ ವೇಗ ಪಡೆದಿರುತ್ತದೆ, ಮತ್ತು ಆ ಆಘಾತವು ಹಿಮ್ಮಡಿಯಲ್ಲೇ ನಿಲ್ಲದೆ ಮೊಣಕಾಲು, ಸೊಂಟಗಳ ಮೂಲಕ ಬೆನ್ನೆಲುಬಿಗೇರಿ, ಎದೆಭಾಗ ಮುಗಿದು ಸೊಂಟದ ಭಾಗ ಆರಂಭವಾಗುವ ಕಡೆಯ ಕಶೇರುಕಗಳನ್ನು (ಬೆನ್ನೆಲುಬಿನ ಬಿಡಿ ಮೂಳೆಗಳನ್ನು) ಜಜ್ಜಬಲ್ಲದು. ಹಿಮ್ಮಡಿಯ ತೀವ್ರ ನೋವು ಬೆನ್ನಿನ ನೋವನ್ನು ಮರೆಮಾಡಬಹುದಾದ್ದರಿಂದ, ಬೆನ್ನಿಗೆ ಏನೂ ಆಗಿಲ್ಲವೆಂಬ ಅವರ ಮಾತನ್ನು ನಾನಂತೂ ನೆಚ್ಚುವುದಿಲ್ಲ. ಅವರನ್ನು ನಡೆಸದೆ, ಆಟೋದಲ್ಲಿ ಕೂರಿಸದೆ, ಈಗಲೇ 108ಕ್ಕೆ ಕರೆ ಮಾಡಿ, ಮಲಗಿಸಿಕೊಂಡೇ ಕಿಮ್ಸ್ ಎಂದು ಜನ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ಯಿರಿ. ಬಿದ್ದ ಎತ್ತರವನ್ನು ವೈದ್ಯರಿಗೆ ಮೊದಲೇ ತಿಳಿಸಿ. ಕಾಲು ಜೋಮು ಹಿಡಿಯುವುದು, ಮೂತ್ರ ಕಟ್ಟುವುದು ಬೆನ್ನುಹುರಿಗೆ ಪೆಟ್ಟಾದ ಲಕ್ಷಣಗಳಾಗಿರಬಹುದಾದ್ದರಿಂದ ಅವುಗಳನ್ನೂ ಮರೆಯದೆ ಹೇಳಿ.